ಶೆಡ್ಡಿನಲ್ಲಿ ಸಿಕ್ಕ ಹಳೇ ಕಾರು: ಕಟ್ಟಿದವರು ಯಾರು ಅಂತ ಪತ್ತೆ ಮಾಡುವುದು ಹೇಗೆ?

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಿಂದ ಈಚೆಗೆ ಒಂದು ಫೋಟೊ ಬಂತು. ಹಳೇ ಶೆಡ್ಡು, ಅರ್ಧ ಸರಿಸಿದ ಟಾರ್ಪಾಲು, ಅದರಡಿ ಉದ್ದ ಮೂತಿಯ ಕಪ್ಪು ಕಾರು. ಮಡ್‌ಗಾರ್ಡ್ ಮೇಲೆ ಖಾಲಿ ಗೋಣಿಚೀಲಗಳ ರಾಶಿ. ಫೋಟೊದ ಕೆಳಗೆ ಯಾರೋ ‘ರೋಲ್ಸ್ ರಾಯ್ಸ್, ಕೋಟಿಗಟ್ಟಲೆ ಬೆಲೆ’ ಎಂದು ಬರೆದಿದ್ದರು. ಸಂಜೆಯೊಳಗೆ ಅದು ಊರಿನ ಎಲ್ಲಾ ವಾಟ್ಸಾಪ್ ಗುಂಪುಗಳನ್ನು ಸುತ್ತಿತ್ತು. ಮಾರನೇ ದಿನ ಮನೆಯವರಿಗೆ ಫೋನುಗಳು ಶುರುವಾದವು. ಕೊಡ್ತೀರಾ? ಎಷ್ಟಕ್ಕೆ ಕೊಡ್ತೀರಾ?

ಮನೆಯವರಿಗೆ ಬೆಲೆಗಿಂತ ಮೊದಲು ಬೇಕಿದ್ದದ್ದು ಬೇರೆ. ಇದು ಯಾವ ಕಾರು? ಹೆಸರಿನ ಬಿಲ್ಲೆ ಉದುರಿಹೋಗಿದೆ. ಕೊಂಡಿದ್ದ ಅಜ್ಜ ಈಗಿಲ್ಲ. ಕಾಗದಪತ್ರ ಗೆದ್ದಲಿನ ಪಾಲಾಗಿದೆ. ಅವರು ಕರೆದರು ಅಂತ ನಾನು ಒಂದು ಟಾರ್ಚ್, ಒಂದು ಟೇಪು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಅಯಸ್ಕಾಂತ ಹಿಡಿದು ಹೋದೆ. ಅಲ್ಲಿ ನೋಡಿದ್ದನ್ನು ಇಟ್ಟುಕೊಂಡೇ, ಇಂಥ ಕಾರನ್ನು ಓದುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಕೊಡಗಿನಲ್ಲಿ 1850ರ ದಶಕದಿಂದ ದೊಡ್ಡ ಕಾಫಿ ತೋಟಗಳಿವೆ, ರೈಲು ಇವತ್ತಿಗೂ ಇಲ್ಲ. ಹಾಗಾಗಿ ಕಾರು ಇಲ್ಲಿಗೆ ಬೇಗನೆ ಬಂತು. ಬಂದದ್ದರಲ್ಲಿ ಕೆಲವು ಇನ್ನೂ ಯಾವುದೋ ಮೂಲೆಯಲ್ಲಿ ಕೂತಿವೆ.

ಒಂದು ಕಾರು, ಕಟ್ಟಿದವರು ಇಬ್ಬರು

ಮೈಸೂರು ರಸ್ತೆಯಲ್ಲಿ ಒಮ್ಮೊಮ್ಮೆ ಬರೀ ಚಾಸಿಸ್ ಹೋಗುವುದನ್ನು ನೋಡಿರುತ್ತೀರಿ. ಎಂಜಿನ್, ಚಕ್ರ, ಸ್ಟೇರಿಂಗ್, ಒಂದು ಸೀಟು, ಅಷ್ಟೇ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಗಾಳಿಗೆ ಮೈಯೊಡ್ಡಿ ಓಡಿಸುತ್ತಿರುತ್ತಾರೆ. ಅದು ಕರೂರಿಗೋ ನಾಮಕ್ಕಲ್‌ಗೋ ಹೋಗಿ ಬಾಡಿ ಕಟ್ಟಿಸಿಕೊಂಡು ಬಸ್ಸೋ ಲಾರಿಯೋ ಆಗುತ್ತದೆ. ಯಂತ್ರ ಒಂದು ಕಂಪನಿಯದ್ದು, ಬಾಡಿ ಇನ್ನೊಬ್ಬರದ್ದು.

ಎರಡನೇ ಮಹಾಯುದ್ಧದವರೆಗೆ ದುಬಾರಿ ಕಾರುಗಳೂ ಹೀಗೆಯೇ ಮಾರಾಟವಾಗುತ್ತಿದ್ದವು. ರೋಲ್ಸ್ ರಾಯ್ಸ್, ಡೈಮ್ಲರ್, ಬೆಂಟ್ಲಿಯಂಥ ಕಂಪನಿಗಳು ಚಾಸಿಸ್, ಎಂಜಿನ್, ರೇಡಿಯೇಟರ್ ಮಾಡಿ ಕೊಡುತ್ತಿದ್ದವು. ಕೊಂಡವರು ಅದನ್ನು ಬಾಡಿ ಕಟ್ಟುವವರ ಹತ್ತಿರ ಒಯ್ಯುತ್ತಿದ್ದರು. ಇವರನ್ನು ಕೋಚ್‌ಬಿಲ್ಡರ್ ಎನ್ನುತ್ತಾರೆ. ಕೋಚ್ ಎಂದರೆ ಕುದುರೆ ಸಾರೋಟು. ಇವರಲ್ಲಿ ಹಲವರ ಹಿಂದಿನ ಕಸುಬು ಸಾರೋಟು ಕಟ್ಟುವುದೇ. ಲಂಡನ್ನಿನ ಬಾರ್ಕರ್ ಶುರುವಾದದ್ದು 1710ರಲ್ಲಿ, ಕಾರು ಹುಟ್ಟುವುದಕ್ಕೂ ಎಷ್ಟೋ ಮೊದಲು.

ಬಟ್ಟೆ ಅಂಗಡಿಯಿಂದ ತಂದ ಬಟ್ಟೆಯನ್ನು ದರ್ಜಿಗೆ ಕೊಟ್ಟು ಅಳತೆಗೆ ಹೊಲಿಸುತ್ತೇವಲ್ಲ, ಹಾಗೆ. ಒಂದೇ ಥಾನಿನ ಬಟ್ಟೆ, ಇಬ್ಬರು ದರ್ಜಿಗಳು, ಎರಡು ಬೇರೆ ಅಂಗಿ. ಆದ್ದರಿಂದ ‘ಇದು ಯಾವ ಕಾರು’ ಎಂಬುದರೊಳಗೆ ಎರಡು ಪ್ರಶ್ನೆಗಳಿವೆ. ಯಂತ್ರ ಯಾರದ್ದು, ಬಾಡಿ ಯಾರದ್ದು. ಇವೆರಡನ್ನೂ ಕಲಸಿಕೊಂಡರೆ ಪತ್ತೆ ದಾರಿ ತಪ್ಪುತ್ತದೆ.

ಈ ಪದ್ಧತಿ ನಿಧಾನಕ್ಕೆ ಮುಗಿಯಿತು. ಬೆಂಟ್ಲಿ 1946ರಲ್ಲಿ ಫ್ಯಾಕ್ಟರಿಯಲ್ಲೇ ಮಾಡಿದ ಉಕ್ಕಿನ ಬಾಡಿಯ ಕಾರು ತಂದಿತು, ರೋಲ್ಸ್ ರಾಯ್ಸ್ 1949ರಲ್ಲಿ. 1965ರ ಸಿಲ್ವರ್ ಶ್ಯಾಡೋ ಹೊತ್ತಿಗೆ ಬೇರೆ ಚಾಸಿಸ್ಸೇ ಇರಲಿಲ್ಲ, ಬಾಡಿಯೇ ಬೆನ್ನೆಲುಬಾಯಿತು. ದರ್ಜಿಗೆ ಕೊಡಲು ಬಟ್ಟೆಯೇ ಸಿಗದಂತಾಯಿತು.

ಮೊದಲು ಬಗ್ಗಿ ಕೆಳಗೆ ನೋಡಿ

ಶೆಡ್ಡಿಗೆ ಹೋದವರು ಸಾಮಾನ್ಯವಾಗಿ ದೀಪ, ಬಂಪರ್, ಬಾನೆಟ್ ಮೇಲಿನ ಬೊಂಬೆ ನೋಡುತ್ತಾರೆ. ಅವು ಎಲ್ಲಕ್ಕಿಂತ ಸುಲಭವಾಗಿ ಬದಲಾಗುವ ವಸ್ತುಗಳು. ನನ್ನ ಅಭ್ಯಾಸ ಇದಕ್ಕೆ ತಿರುಗುಮುರುಗು. ಬದಲಿಸಲು ಕಷ್ಟವಾದದ್ದನ್ನು ಮೊದಲು ನಂಬಬೇಕು. ಸ್ಕ್ರೂ ಬಿಚ್ಚಿದರೆ ಕೈಗೆ ಬರುವುದನ್ನು ಕೊನೆಗೆ ನೋಡಬೇಕು.

ಎಲ್ಲಕ್ಕಿಂತ ಕಷ್ಟ ಚಾಸಿಸ್ ಬದಲಿಸುವುದು. ಬಗ್ಗಿ ಟಾರ್ಚ್ ಹಾಕಿ. ಮುಂದಿನಿಂದ ಹಿಂದಿನವರೆಗೆ ಎರಡು ಉದ್ದ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು ಕಂಡರೆ ಅದು ಬೇರೆ ಚಾಸಿಸ್ ಇರುವ ಗಾಡಿ. ತೋಟದ ಜೀಪಿನ ಕೆಳಗೆ ಇರುವುದು ಇದೇ. ಅಂಬಾಸಿಡರ್ ಕೆಳಗೆ ನೋಡಿದರೆ ಇಂಥ ಏಣಿ ಕಾಣುವುದಿಲ್ಲ, ಅದರ ಬಾಡಿಯೇ ಭಾರ ಹೊರುತ್ತದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಮಾತ್ರ ಆ ಕಾಲದಲ್ಲೂ ಬೇರೆ ಚಾಸಿಸ್ ಇತ್ತು.

ಚಾಸಿಸ್ ಮೇಲೆ ಒಂದು ಸಂಖ್ಯೆ ಕೆತ್ತಿರುತ್ತಾರೆ. ಎಂಜಿನ್ ಮತ್ತು ಕಾರಿನ ಒಳಭಾಗವನ್ನು ಬೇರ್ಪಡಿಸುವ ಗೋಡೆಯಂಥ ತಗಡಿನ ಮೇಲೆ, ಎಂಜಿನ್ ಕಡೆಗೆ, ಹಿತ್ತಾಳೆಯ ಅಥವಾ ಅಲ್ಯೂಮಿನಿಯಂ ತಗಡಿನಲ್ಲೂ ಅದೇ ಸಂಖ್ಯೆ ಇರಬಹುದು. ತುಕ್ಕು ಕಟ್ಟಿದ್ದರೆ ಉಜ್ಜಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಆಡಿಸಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಆಡುತ್ತಿದ್ದೆವಲ್ಲ, ಅದೇ ಕೆಲಸ. ಕಣ್ಣಿಗೆ ಕಾಣದ ಅಂಕಿಯೂ ಕಾಗದದ ಮೇಲೆ ಏಳುತ್ತದೆ.

ನಮ್ಮ ಜೊತೆ ಬಂದಿದ್ದ ಗ್ಯಾರೇಜ್ ಮೇಸ್ತ್ರಿ ಇನ್ನೊಂದು ಪರೀಕ್ಷೆ ಮಾಡಿದರು. ತಮ್ಮ 10-11, 12-13 ಮಿಲಿಮೀಟರಿನ ಸ್ಪ್ಯಾನರ್‌ಗಳನ್ನು ಚಾಸಿಸ್ಸಿನ ಬೋಲ್ಟುಗಳಿಗೆ ಕೊಟ್ಟು ನೋಡಿದರು. ಒಂದೂ ಸರಿಯಾಗಿ ಕೂರಲಿಲ್ಲ. ಒಂದೋ ಸಡಿಲ, ಇಲ್ಲವೇ ಒಳಗೇ ಹೋಗುವುದಿಲ್ಲ. ಹಳೇ ಬ್ರಿಟಿಷ್ ಗಾಡಿಗಳ ಬೋಲ್ಟುಗಳು ವಿಟ್‌ವರ್ತ್ ಎಂಬ ಅಳತೆಯವು. ಫ್ರಾನ್ಸ್, ಇಟಲಿ, ಜರ್ಮನಿಯವು ಮಿಲಿಮೀಟರ್ ಲೆಕ್ಕದವು. ಯಾವ ದೇಶದ ಚಾಸಿಸ್ ಎಂಬ ಸುಳಿವು ಹೀಗೆ ಕೈಯಲ್ಲೇ ಸಿಗುತ್ತದೆ.

ಸ್ಟೇರಿಂಗ್ ಬಲಗಡೆ ಇದ್ದರೆ ಬ್ರಿಟಿಷ್ ಕಾರು ಎಂದುಕೊಳ್ಳುವುದು ಮಾತ್ರ ತಪ್ಪು. ಬುಗಾಟಿ, ಡೆಲಾಹೇಯಂಥ ಫ್ರೆಂಚ್ ಕಾರುಗಳು ತಮ್ಮ ದೇಶದಲ್ಲೇ ಬಲಗಡೆ ಸ್ಟೇರಿಂಗ್ ಇಟ್ಟುಕೊಂಡು ಮಾರಾಟವಾಗುತ್ತಿದ್ದವು. ಇಟಲಿಯ ಲಾನ್ಸಿಯಾ ಕೂಡ 1950ರ ದಶಕದವರೆಗೆ ಹಾಗೇ ಮಾಡಿತು.

ಮೂತಿ ಹೇಳುವ ಹೆಸರು

ಬಾಡಿ ಯಾರೇ ಕಟ್ಟಲಿ, ರೇಡಿಯೇಟರ್ ಮಾತ್ರ ಚಾಸಿಸ್ ಜೊತೆಗೇ ಬರುತ್ತಿತ್ತು. ಅದು ಕಂಪನಿಯ ಮುಖ. ರೋಲ್ಸ್ ರಾಯ್ಸ್ ಮುಖ ಗ್ರೀಕ್ ದೇವಸ್ಥಾನದ ಮುಂಭಾಗದಂತೆ, ಚೂಪು ಅಂಚು, ಮೇಲೆ ತ್ರಿಕೋನ. ಬುಗಾಟಿಯದ್ದು ಕುದುರೆ ಲಾಳ. ಬಿಎಂಡಬ್ಲ್ಯೂ 1933ರಿಂದ ಎರಡು ಮೂತ್ರಪಿಂಡಗಳಂಥ ಜಾಲರಿ ಇಟ್ಟುಕೊಂಡಿದೆ.

ನಮ್ಮ ಶೆಡ್ಡಿನ ಕಾರಿನ ರೇಡಿಯೇಟರ್ ಮೇಲೆ ಇಂಚುದಪ್ಪ ಧೂಳಿತ್ತು. ಬೆರಳಾಡಿಸಿದಾಗ ಮೇಲಿನ ಅಂಚು ನುಣುಪಾಗಿರಲಿಲ್ಲ. ಮುಂದಿನಿಂದ ಹಿಂದಕ್ಕೆ ಸಾಲು ಸಾಲು ಅಲೆಗಳು, ಕಪ್ಪೆಚಿಪ್ಪಿನ ಮೇಲೆ ಇರುವಂಥವು. ಅಲ್ಲಿಗೆ ರೋಲ್ಸ್ ರಾಯ್ಸ್ ಮಾತು ಮುಗಿಯಿತು. ಈ ಅಲೆ ಅಂಚು ಡೈಮ್ಲರ್‌ನ ಗುರುತು, 1904ರಿಂದ ಬಂದದ್ದು. ಇದು ಇಂಗ್ಲೆಂಡಿನ ಕವೆಂಟ್ರಿಯ ಡೈಮ್ಲರ್, ಮರ್ಸಿಡಿಸ್ ಮಾಡುವ ಜರ್ಮನಿಯವರಲ್ಲ. ಹುಟ್ಟುವಾಗ ಹೆಸರು ಅಲ್ಲಿಂದ ಬಂತು, ಮುಂದೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಬ್ರಿಟನ್ನಿನ ರಾಜಮನೆತನ ದಶಕಗಳ ಕಾಲ ಓಡಾಡಿದ್ದು ಕವೆಂಟ್ರಿಯ ಡೈಮ್ಲರ್‌ಗಳಲ್ಲೇ.

ಆದರೆ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ರೇಡಿಯೇಟರ್ ಚಿಪ್ಪನ್ನು ಬೇರೆ ಕಾರಿನಿಂದ ತಂದು ಕೂರಿಸಿರಬಹುದು. ಎರಡನೇ ಸಾಕ್ಷಿ ಸ್ಟೇರಿಂಗ್ ಕೆಳಗೆ ಸಿಕ್ಕಿತು. ಅಲ್ಲೊಂದು ಪುಟ್ಟ ಲಿವರ್, ಅದರ ಹಿಂದೆ ಅರ್ಧಚಂದ್ರದಂಥ ತಗಡಿನಲ್ಲಿ ಗೇರುಗಳ ಗುರುತು. ನೆಲದಿಂದ ಏಳುವ ಗೇರ್ ಕಡ್ಡಿಯೇ ಇಲ್ಲ. ಇದು ಪ್ರಿಸೆಲೆಕ್ಟರ್ ಗೇರ್‌ಬಾಕ್ಸ್. ಮುಂದೆ ಬೇಕಾದ ಗೇರನ್ನು ಮೊದಲೇ ಲಿವರ್‌ನಿಂದ ಆರಿಸಿಟ್ಟುಕೊಳ್ಳುವುದು. ಬೇಕಾದ ಗಳಿಗೆಯಲ್ಲಿ ಎಡಗಾಲ ಪೆಡಲ್ ಒತ್ತಿ ಬಿಟ್ಟರೆ ಗೇರ್ ಬೀಳುತ್ತದೆ. ನಮ್ಮ ಘಾಟಿ ರಸ್ತೆಯ ತಿರುವಿನಲ್ಲಿ ಇದು ಎಷ್ಟು ನೆಮ್ಮದಿ ಕೊಟ್ಟಿರಬೇಕು ಎಂದು ಮೇಸ್ತ್ರಿ ಆ ಲಿವರನ್ನು ಮತ್ತೆ ಮತ್ತೆ ಆಡಿಸಿ ನೋಡಿದರು.

ಡೈಮ್ಲರ್ ಈ ಗೇರ್‌ಬಾಕ್ಸನ್ನು ತನ್ನ ಫ್ಲೂಯಿಡ್ ಫ್ಲೈವೀಲ್ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಚಕ್ರ) ಜೊತೆ 1930ರಲ್ಲಿ ತಂದಿತು. ಹಾಗಾಗಿ ಕಾರು ಅದಕ್ಕಿಂತ ಹಳೆಯದಲ್ಲ. ಲಿವರ್ ಒಂದೇ ಇದ್ದಿದ್ದರೆ ಡೈಮ್ಲರ್ ಎನ್ನಲು ಆಗುತ್ತಿರಲಿಲ್ಲ. ಆರ್ಮ್‌ಸ್ಟ್ರಾಂಗ್ ಸಿಡ್ಲಿ ಕಾರುಗಳಲ್ಲೂ ಇಂಥದ್ದಿತ್ತು. 1931ರಲ್ಲಿ ಡೈಮ್ಲರ್ ಬಳಗಕ್ಕೆ ಸೇರಿದ ಲ್ಯಾಂಚೆಸ್ಟರ್‌ನಲ್ಲೂ ಇತ್ತು. ಅಲೆ ಅಂಚು ಮತ್ತು ಲಿವರ್, ಎರಡೂ ಒಂದೇ ಹೆಸರು ಹೇಳಿದ್ದರಿಂದ ನಂಬಿಕೆ ಬಂತು.

ಯಾವ ಕಾಲದ್ದು?

ವರ್ಷವನ್ನು ಸಣ್ಣ ಸಣ್ಣ ವಸ್ತುಗಳಿಂದ ಕಟ್ಟುತ್ತಾ ಹೋಗಬೇಕು.

ಹೊಳಪಿನ ಲೇಪ ನೋಡಿ. ಕ್ರೋಮ್ ಬಳಕೆ ಎಲ್ಲೆಡೆ ಹಬ್ಬಿದ್ದು 1930ರ ಆಸುಪಾಸಿನಲ್ಲಿ. ಅದಕ್ಕೂ ಮೊದಲು ನಿಕ್ಕಲ್. ಕ್ರೋಮ್ ನೀಲಿ ಛಾಯೆಯ ತಣ್ಣನೆಯ ಬಿಳುಪು, ನಿಕ್ಕಲ್ ಸ್ವಲ್ಪ ಹಳದಿ ಬೆರೆತ ಬಿಳುಪು. ಎರಡನ್ನೂ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಬಾಗಿಲ ಪಕ್ಕದ ಕಂಬದಲ್ಲಿ ಉದ್ದನೆಯ ಸೀಳು ಇದೆಯಾ ನೋಡಿ. ಅದರೊಳಗಿಂದ ಕಿತ್ತಳೆ ಬಣ್ಣದ ಕೈಯೊಂದು ಹೊರಗೆ ಚಾಚಿ ‘ಈ ಕಡೆ ತಿರುಗುತ್ತೇನೆ’ ಎನ್ನುತ್ತಿತ್ತು. ಟ್ರಾಫಿಕೇಟರ್ ಎಂದು ಹೆಸರು. 1930ರಿಂದ 50ರ ದಶಕದವರೆಗಿನ ಬ್ರಿಟಿಷ್ ಕಾರುಗಳಲ್ಲಿ ಇದು ಸಾಮಾನ್ಯ. ಮುಂದಿನ ಗಾಜು ಒಂದೇ ಚಪ್ಪಟೆ ಹಲಗೆಯೋ, ನಡುವೆ ಮಡಿಸಿದಂತೆ ಎರಡು ತುಂಡೋ, ಬಾಗಿದ ಒಂದೇ ಗಾಜೋ ನೋಡಿ. ಬಾಗಿದ ಒಂದೇ ಗಾಜು ಎಲ್ಲೆಡೆ ಬಂದದ್ದು 1950ರ ದಶಕದಲ್ಲಿ. ಹೆಡ್‌ಲೈಟುಗಳು ದೊಡ್ಡ ಬಟ್ಟಲುಗಳಂತೆ ಬೇರೆಯಾಗಿ ಕೂತಿದ್ದರೆ ಯುದ್ಧಕ್ಕೆ ಮೊದಲಿನ ಕಾಲ, ಮಡ್‌ಗಾರ್ಡಿನೊಳಗೆ ಸೇರಿಕೊಂಡಿದ್ದರೆ ಸಾಮಾನ್ಯವಾಗಿ ಅದರ ನಂತರದ್ದು. ದೀಪದ ಮೇಲಿನ ಹೆಸರೂ ಮಾತಾಡುತ್ತದೆ. ಲೂಕಾಸ್ ಬ್ರಿಟಿಷ್, ಮಾರ್ಶಲ್ ಫ್ರೆಂಚ್, ಬಾಷ್ ಜರ್ಮನ್, ಕರೆಲ್ಲೋ ಇಟಾಲಿಯನ್. ಆದರೆ ದೀಪ ಒಡೆದರೆ ಸಿಕ್ಕಿದ್ದನ್ನು ಹಾಕಿಸುತ್ತಾರೆ ಅಲ್ವಾ? ಹಾಗಾಗಿ ಇದಕ್ಕೆ ಕೊಡುವ ಬೆಲೆ ಕಮ್ಮಿ.

ರೋಲ್ಸ್ ರಾಯ್ಸ್ ಆಗಿದ್ದರೆ ರೇಡಿಯೇಟರ್ ಬಿಲ್ಲೆಯ ಎರಡು ಅಕ್ಷರಗಳ ಬಣ್ಣ ನೋಡಬಹುದು. ಮೊದಲು ಕೆಂಪು, 1933ರ ಹೊತ್ತಿಗೆ ಕಪ್ಪು.

ಬಾಡಿ ಕೈಕೆಲಸದ್ದಾ, ಫ್ಯಾಕ್ಟರಿಯದ್ದಾ?

ಇಲ್ಲಿ ಫ್ರಿಜ್ಜಿನ ಅಯಸ್ಕಾಂತಕ್ಕೆ ಕೆಲಸ. ಕೋಚ್‌ಬಿಲ್ಡರ್‌ಗಳು ಸಾಮಾನ್ಯವಾಗಿ ಮರದ ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಕೈಯಲ್ಲಿ ಬಡಿದ ಅಲ್ಯೂಮಿನಿಯಂ ತಗಡು ಹೊದಿಸುತ್ತಿದ್ದರು. ಮಡ್‌ಗಾರ್ಡ್ ಹೆಚ್ಚಾಗಿ ಉಕ್ಕು. ಫ್ಯಾಕ್ಟರಿ ಬಾಡಿಯಲ್ಲಿ ಎಲ್ಲವೂ ಪ್ರೆಸ್ಸಿನಲ್ಲಿ ಒತ್ತಿದ ಉಕ್ಕು. ಸಿದ್ದಾಪುರದ ಕಾರಿನ ಮಡ್‌ಗಾರ್ಡಿಗೆ ಅಯಸ್ಕಾಂತ ಟಪ್ಪನೆ ಅಂಟಿತು. ಮುಂದಿನ ಬಾಗಿಲಿಗೆ ತಂದರೆ ಜಾರಿ ಕೆಳಗೆ ಬಿತ್ತು. ಅಲ್ಯೂಮಿನಿಯಂ. ಒಂದು ಎಚ್ಚರ: ಉಕ್ಕಿನ ಮೇಲೆ ದಪ್ಪ ಪುಟ್ಟಿ ಬಳಿದಿದ್ದರೂ ಅಯಸ್ಕಾಂತ ಅಂಟುವುದಿಲ್ಲ. ಅಂಚಿನಲ್ಲಿ, ಬಾಗಿಲ ಒಳಮಡಿಕೆಯಲ್ಲಿ ಮತ್ತೆ ಪರೀಕ್ಷಿಸಿ.

ಮರದ ಅಸ್ಥಿಪಂಜರಕ್ಕೆ ಇಂಗ್ಲೆಂಡಿನವರು ಬಳಸಿದ್ದು ಹೆಚ್ಚಾಗಿ ಆಶ್ ಮರ. ಬಿಳಿಚು ಬಣ್ಣ, ನೇರ ಎಳೆ, ಬಾಗಿದರೂ ಮುರಿಯದ ಗುಣ. ಸೀಟಿನ ಕೆಳಗೆ, ಬಾಗಿಲ ಒಳಗಿನ ಹೊದಿಕೆ ಹರಿದ ಕಡೆ ಇಣುಕಿದರೆ ಕಾಣುತ್ತದೆ. ಕೊಡಗಿನ ಮಳೆ ಈ ಮರದ ದೊಡ್ಡ ಶತ್ರು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಶೆಡ್ಡಿನಲ್ಲಿ ನಿಂತ ಕಾರು? ಬಾಗಿಲಿನ ಕೆಳಪಟ್ಟಿ, ಕಂಬಗಳ ಬುಡ, ಹೀಗೆ ನೀರು ನಿಲ್ಲುವ ಕಡೆಗಳಲ್ಲೇ ಮೊದಲು ಕೊಳೆಯುತ್ತದೆ.

1920ರ ದಶಕದಲ್ಲಿ ವೇಮನ್ ಎಂಬವರ ವಿಧಾನದ ಬಾಡಿಗಳು ಜನಪ್ರಿಯವಾಗಿದ್ದವು. ಅದರಲ್ಲಿ ತಗಡಿನ ಬದಲು ಬಟ್ಟೆ. ಮರದ ತುಂಡುಗಳು ಒಂದಕ್ಕೊಂದು ತಾಗದಂತೆ ನಡುವೆ ಲೋಹದ ಪಟ್ಟಿ ಇಟ್ಟು ಜೋಡಿಸುತ್ತಿದ್ದರು. ಕಿರ್ ಕಿರ್ ಸದ್ದು ಬಾರದಿರಲಿ ಎಂಬುದು ಉದ್ದೇಶ. ಅಂಥ ಜೋಡಣೆ ಕಂಡರೆ ಕಾಲ ಮತ್ತು ವಿಧಾನ ಎರಡೂ ಒಟ್ಟಿಗೆ ಗೊತ್ತಾಗುತ್ತವೆ.

ಇನ್ನೊಂದು ಪರೀಕ್ಷೆ ಟೇಪಿನದ್ದು. ಎಡಬಾಗಿಲಿನ ಅಗಲ, ಬಲಬಾಗಿಲಿನ ಅಗಲ, ಕಿಟಕಿಗಳ ಎತ್ತರ ಅಳೆದು ಬರೆದುಕೊಳ್ಳಿ. ಪ್ರೆಸ್ಸಿನಲ್ಲಿ ಒತ್ತಿದ್ದು ಎರಡೂ ಕಡೆ ಒಂದೇ ಇರುತ್ತದೆ. ಕೈಯಲ್ಲಿ ಬಡಿದದ್ದು ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತದೆ.

ದರ್ಜಿಯ ಕೈ

ಈಗ ಕಷ್ಟದ ಭಾಗ. ಬಾಡಿ ಕಟ್ಟಿದವರು ಯಾರು?

ಕಾರನ್ನು ಪಕ್ಕದಿಂದ, ನೇರವಾಗಿ, ಚಕ್ರದ ನಡುಮಟ್ಟಕ್ಕೆ ಕ್ಯಾಮೆರಾ ಇಟ್ಟು ಒಂದು ಫೋಟೊ ತೆಗೆಯಿರಿ. ಎಲ್ಲಾ ಉತ್ತರವೂ ಹೆಚ್ಚುಕಡಿಮೆ ಆ ಒಂದು ಫೋಟೊದಲ್ಲಿ ಇರುತ್ತದೆ. ಚಾವಣಿ ಹಿಂದಕ್ಕೆ ಇಳಿಯುವ ರೀತಿ, ಕಿಟಕಿಗಳ ಮೂಲೆಗಳು, ಕಿಟಕಿ ಕೆಳಗಿನ ಸೊಂಟದ ಗೆರೆ, ಕೊನೆಯ ಬಾಗಿಲು ಹಿಂದಿನ ಮಡ್‌ಗಾರ್ಡನ್ನು ಮುಟ್ಟುವ ಜಾಗ. ಇವು ಚಾವಣಿಯನ್ನೇ ಕಿತ್ತು ಕಟ್ಟದೆ ಬದಲಾಗುವುದಿಲ್ಲ. ಅದಕ್ಕೇ ಇವಕ್ಕೆ ಬೆಲೆ.

ಕೆಲವು ಕೋಚ್‌ಬಿಲ್ಡರ್‌ಗಳ ಕೈ ದೂರದಿಂದಲೇ ಗೊತ್ತಾಗುತ್ತದೆ. ಯುದ್ಧದ ನಂತರದ ಹೂಪರ್ ಕಾರುಗಳಲ್ಲಿ ಮುಂದಿನ ಮಡ್‌ಗಾರ್ಡಿನ ಗೆರೆ ಬಾಗಿಲುಗಳ ಮೇಲೆ ಹಾದು ಹಿಂದಿನ ಚಕ್ರದವರೆಗೆ ಒಂದೇ ಬೀಸಿನಲ್ಲಿ ಇಳಿಯುತ್ತದೆ, ಸೀರೆಯ ಸೆರಗಿನಂತೆ. ಫ್ರೀಸ್ಟೋನ್ ಅಂಡ್ ವೆಬ್ 1930ರ ದಶಕದ ಕೊನೆಯಲ್ಲಿ ಕ್ಷೌರದ ಕತ್ತಿಯಷ್ಟು ಚೂಪಾದ ಅಂಚುಗಳಿಗೆ ಹೆಸರಾಯಿತು. ಜೇಮ್ಸ್ ಯಂಗ್ ಅವರ ಬಾಗಿಲ ಹಿಡಿಗಳಲ್ಲಿ ಒತ್ತುವ ಗುಂಡಿ ಚೌಕ. ಪ್ಯಾರಿಸ್ಸಿನ ಫಿಗೋನಿ ಎ ಫಲಾಸ್ಕಿ ನೀರಿನ ಹನಿಯಂಥ ಮಡ್‌ಗಾರ್ಡ್ ಮಾಡಿ ಚಕ್ರಗಳನ್ನು ಅರ್ಧ ಮುಚ್ಚುತ್ತಿದ್ದರು. ಇಟಲಿಯ ಜಗಾಟೋ ಚಾವಣಿಯಲ್ಲಿ ಎರಡು ಉಬ್ಬುಗಳಿದ್ದರೆ ಅಚ್ಚರಿಪಡಬೇಡಿ, ಒಳಗೆ ಕೂತವರ ಎರಡು ತಲೆಗಳಿಗೆ ಜಾಗ ಅದು. ಮಿಲಾನಿನ ಟೂರಿಂಗ್ ಮರ ಬಿಟ್ಟು ತೆಳು ಉಕ್ಕಿನ ಕೊಳವೆಗಳ ಗೂಡು ಕಟ್ಟಿ ಅಲ್ಯೂಮಿನಿಯಂ ಹೊದಿಸಿತು. ಬಾನೆಟ್ ಪಕ್ಕದಲ್ಲಿ ‘ಸೂಪರ್‌ಲೆಜೆರಾ’ ಎಂದಿದ್ದರೆ ಆ ವಿಧಾನ ಬಳಸಿದ್ದಾರೆ ಎಂದರ್ಥ.

ಹೆಸರುಗಳೂ ಮೋಸ ಮಾಡುತ್ತವೆ. ಮುಲಿನರ್ ಎಂಬ ಹೆಸರಲ್ಲೇ ಇಂಗ್ಲೆಂಡಿನಲ್ಲಿ ಬೇರೆ ಬೇರೆ ಸಂಸ್ಥೆಗಳಿದ್ದವು: ಲಂಡನ್ನಿನ ಎಚ್.ಜೆ. ಮುಲಿನರ್, ನಾರ್ಥಾಂಪ್ಟನ್ನಿನ ಆರ್ಥರ್ ಮುಲಿನರ್, ಬರ್ಮಿಂಗ್‌ಹ್ಯಾಮಿನ ಮುಲಿನರ್ಸ್. ‘ಮುಲಿನರ್ ಬಾಡಿ’ ಎಂದರೆ ಯಾವ ಮುಲಿನರ್ ಎಂದು ಕೇಳಲೇಬೇಕು. ಕೆಲವೊಮ್ಮೆ ಹೆಸರಿನ ಬರಹವೇ ವರ್ಷ ಹೇಳುತ್ತದೆ. ಇಟಲಿಯ ಪಿನಿನ್‌ಫರೀನಾ 1961ರವರೆಗೆ ಎರಡು ಪದ, ‘ಪಿನಿನ್ ಫರೀನಾ’. ಆಮೇಲೆ ಒಂದೇ ಪದ. ಬಿಲ್ಲೆಯಲ್ಲಿ ನಡುವೆ ಜಾಗ ಇದ್ದರೆ ಅದು ಅದಕ್ಕಿಂತ ಹಿಂದಿನದು.

ಶೈಲಿಯನ್ನು ಮಾತ್ರ ನಂಬುವುದು ಅಪಾಯ. ಒಬ್ಬರು ಮಾಡಿದ್ದು ಚೆನ್ನಾಗಿ ಕಂಡರೆ ಮಾರನೇ ವರ್ಷ ಎಲ್ಲರೂ ಮಾಡುತ್ತಿದ್ದರು. ಒಬ್ಬನೇ ವಿನ್ಯಾಸಕಾರ ಹಲವರಿಗೆ ಬರೆದುಕೊಟ್ಟದ್ದೂ ಉಂಟು. ಜೊವಾನ್ನಿ ಮಿಕೆಲೊಟ್ಟಿ ವಿನ್ಯಾಲೆ, ಗಿಯಾ, ಅಲ್ಲೆಮಾನೋ ಮೂವರಿಗೂ ಬರೆದವರು. ನಮ್ಮ ಊರುಗಳಲ್ಲಿ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ರೂಪವೂ ಅದೇ ಕೈಯದ್ದು. ಬಾಗಿಲ ಹಿಡಿ, ಕಿಟಕಿ ತಿರುಗಿಸುವ ಕಡ್ಡಿ, ಒಳಗಿನ ಪುಟ್ಟ ದೀಪಗಳನ್ನಂತೂ ಹಲವರು ಒಂದೇ ಅಂಗಡಿಯಿಂದ ತರುತ್ತಿದ್ದರು.

ಇಲ್ಲಿಗೆ ಬಂದ ಮೇಲೆ ಆದದ್ದು

ಎಲ್ಲಾ ಬಾಡಿಯೂ ಹಡಗಿನಲ್ಲಿ ಬಂದದ್ದಲ್ಲ. ಬರೀ ಚಾಸಿಸ್ ತರಿಸಿ ಇಲ್ಲೇ ಕಟ್ಟಿಸಿದವರೂ ಇದ್ದರು. ಮದ್ರಾಸಿನ ಸಿಂಪ್ಸನ್ 1840ರಲ್ಲಿ ಶುರುವಾದ ಸಂಸ್ಥೆ. ಕುದುರೆ ಜೀನು, ಸಾರೋಟುಗಳಿಂದ ಮೋಟಾರು ಬಾಡಿಗೆ ಬಂತು. ಕಲ್ಕತ್ತೆಯಲ್ಲಿ ಸ್ಟೂವರ್ಟ್ ಎಂಬ ಸಂಸ್ಥೆಯಿತ್ತು. ದಕ್ಷಿಣದ ತೋಟವೊಂದರಲ್ಲಿ ಸಿಕ್ಕ ಕಾರಿಗೆ ಲಂಡನ್ನಿನ ಹೆಸರು ಹುಡುಕಿ ಸುಸ್ತಾಗುವ ಮೊದಲು ಮದ್ರಾಸಿನ ಹೆಸರನ್ನೂ ಹುಡುಕುವುದು ಒಳ್ಳೆಯದು.

ಮೇಲೆ ತಿದ್ದುಪಡಿಗಳು. ಹಿಂದಿನ ಸೀಟು ಕಿತ್ತು ಸಾಮಾನು ಹೇರಲು ಹಲಗೆ ಹಾಕುವುದು, ಚಾವಣಿ ಕತ್ತರಿಸುವುದು, ಟಿಂಕರಿಂಗ್ ಮಾಡಿ ಉಕ್ಕಿನ ತೇಪೆ ಹಚ್ಚುವುದು. ಇಲ್ಲಿ ಮರದ ಬಣ್ಣ ಸಹಾಯಕ್ಕೆ ಬರುತ್ತದೆ. ಆಶ್ ಬಿಳಿಚು. ಹಲಸಿನ ಹಳದಿ ಎಲ್ಲಿದ್ದರೂ ಅಡಗುವುದಿಲ್ಲ. ಇಂಗ್ಲಿಷ್ ಬಾಡಿಯೊಳಗೆ ಹಲಸು ಕಂಡರೆ ಅದು ನಮ್ಮ ಬಡಗಿಯ ಕೆಲಸ.

ಬಚ್ಚಿಟ್ಟುಕೊಂಡ ಅಂಕಿಗಳು

ಕೋಚ್‌ಬಿಲ್ಡರ್‌ಗಳು ತಮ್ಮ ಹೆಸರಿನ ಸಣ್ಣ ತಗಡನ್ನು ಸಾಮಾನ್ಯವಾಗಿ ಬಾಗಿಲ ಹೊಸ್ತಿಲಿಗೆ ಬಡಿಯುತ್ತಿದ್ದರು. ಬಾಗಿಲು ತೆರೆದು ಕಾಲಿಡುವ ಜಾಗ. ಸಿದ್ದಾಪುರದ ಕಾರಿನಲ್ಲಿ ಆ ತಗಡು ಇರಲಿಲ್ಲ. ಆದರೆ ಅದು ಇದ್ದ ಜಾಗ ಇತ್ತು. ಎರಡು ಸ್ಕ್ರೂ ತೂತು, ನಡುವೆ ಅಂಡಾಕಾರದ ಮಾಸದ ಬಣ್ಣ. ಗೋಡೆಯಿಂದ ಕ್ಯಾಲೆಂಡರ್ ತೆಗೆದಾಗ ಉಳಿಯುವ ಗುರುತಿನಂತೆ. ಆ ಆಕಾರ, ತೂತುಗಳ ನಡುವಿನ ದೂರ ಅಳೆದಿಟ್ಟುಕೊಂಡೆವು. ಬೇರೆ ಕಾರುಗಳಲ್ಲಿ ಉಳಿದಿರುವ ತಗಡುಗಳ ಜೊತೆ ಹೋಲಿಸಲು ಅದು ಬೇಕು.

ಇದಕ್ಕಿಂತ ಗಟ್ಟಿ ಸಾಕ್ಷಿ ಬಾಡಿ ಸಂಖ್ಯೆ. ಕಾರ್ಖಾನೆಯಲ್ಲಿ ಒಂದೇ ಹೊತ್ತಿಗೆ ಹಲವು ಬಾಡಿಗಳು ತಯಾರಾಗುತ್ತಿದ್ದವು. ಬಾಗಿಲು ಬಣ್ಣದವನ ಹತ್ತಿರ, ಸೀಟು ಚರ್ಮ ಹೊಲಿಯುವವನ ಹತ್ತಿರ, ಮರದ ಅಲಂಕಾರ ಪಾಲಿಶ್ ಮಾಡುವವನ ಹತ್ತಿರ. ಕೊನೆಗೆ ಯಾರದ್ದು ಯಾರಿಗೋ ಸೇರಬಾರದಲ್ಲ? ಅದಕ್ಕೆ ಒಂದು ಕಾರಿನ ಎಲ್ಲಾ ತುಂಡುಗಳ ಮೇಲೂ ಒಂದೇ ಅಂಕಿ ಹಾಕುತ್ತಿದ್ದರು. ಮಡಿವಾಳರು ಬಟ್ಟೆಯ ಮೂಲೆಯಲ್ಲಿ ಮನೆಗೊಂದು ಗುರುತು ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಬಾಗಿಲ ಮೇಲಿನ ಮರದ ಪಟ್ಟಿಯ ಹಿಂಬದಿ, ಸೀಟಿನ ಚೌಕಟ್ಟಿನ ಅಡಿ, ಕೀಲುಗಳ ಒಳಮೈ, ಇಲ್ಲಿ ಹುಡುಕಬೇಕು. ಮಾಲೀಕರ ಕಣ್ಣಿಗೆ ಬೀಳದ ಜಾಗಗಳು ಇವು. ಹಾಗಾಗಿ ಇವನ್ನು ಬದಲಿಸಲು ಯಾರೂ ಹೋಗುವುದಿಲ್ಲ.

ಚಾಸಿಸ್ ಸಂಖ್ಯೆ, ಬಾಡಿ ಸಂಖ್ಯೆ ಎರಡೂ ಸಿಕ್ಕರೆ ದಾಖಲೆ ಕೇಳಬಹುದು. ರೋಲ್ಸ್ ರಾಯ್ಸ್‌ಗೆ 1957ರಲ್ಲಿ ಶುರುವಾದ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಎಂಥುಸಿಯಾಸ್ಟ್ಸ್ ಕ್ಲಬ್ ಹತ್ತಿರ ಹಳೆಯ ಚಾಸಿಸ್ ಕಾರ್ಡುಗಳಿವೆ. ಡೈಮ್ಲರನ್ನು 1960ರಲ್ಲಿ ಜಾಗ್ವಾರ್ ಕೊಂಡಿತು, ಹಳೆಯ ದಾಖಲೆಗಳನ್ನು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಕಣ್ಣನ್ನು ಪಳಗಿಸಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯ ಇದೆ. ಅರ್ಧ ದಿನ ಇಟ್ಟುಕೊಂಡು ಹೋಗಿ, ಬರೀ ರೇಡಿಯೇಟರ್‌ಗಳನ್ನು ನೋಡುತ್ತಾ ನಡೆಯಿರಿ.

ತೊಳೆಯುವ ಮೊದಲು

ಶೆಡ್ಡಿನಿಂದ ಕಾರು ಹೊರಗೆ ಬಂದ ಕೂಡಲೇ ಪೈಪ್ ಹಿಡಿದು ತೊಳೆಯುವುದು, ಉಪ್ಪುಕಾಗದ ಹಾಕಿ ಉಜ್ಜುವುದು ನಮ್ಮ ಉತ್ಸಾಹ. ದಯವಿಟ್ಟು ಬೇಡ. ಹಳೆಯ ಬಣ್ಣದ ಪದರಗಳು, ಸೀಮೆಸುಣ್ಣದಲ್ಲಿ ಬರೆದ ಅಂಕಿ, ತಗಡಿನ ಗುರುತು ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತವೆ. ಮೊದಲು ಫೋಟೊ, ಅಳತೆ, ಸಂಖ್ಯೆಯ ಕಾಗದದಚ್ಚು. ಕೊಳೆತ ಮರದ ತುಂಡನ್ನೂ ಒಲೆಗೆ ಹಾಕಬೇಡಿ. ಹೊಸದು ಮಾಡುವ ಬಡಗಿಗೆ ಅದೇ ಅಚ್ಚು. ಒಂದು ಚೀಲದಲ್ಲಿ ಹಾಕಿ, ಎಲ್ಲಿಯದು ಎಂದು ಚೀಟಿ ಬರೆದಿಡಿ.

ಗುರುತು ಹಿಡಿಯುವುದರಿಂದ ಕಾನೂನಿನ ಕೆಲಸವೂ ಸಲೀಸು. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಎರಡು ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ. ಮರುನೋಂದಣಿಗೆ 5,000. ಹಾಗಂತ ದಿನಾ ಸಂತೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿಗೆ ಒಯ್ಯುವುದು, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು.

ನಾಲ್ಕನೇ ಬಾಗಿಲು

ಸಿದ್ದಾಪುರದ ಕಾರಿನ ಬಾಗಿಲುಗಳ ಮೇಲಿನ ಮರದ ಪಟ್ಟಿಗಳನ್ನು ಮೇಸ್ತ್ರಿ ಒಂದೊಂದೇ ಬಿಚ್ಚಿದರು. ಮೊದಲನೆಯದರ ಹಿಂಬದಿಯಲ್ಲಿ ನಾಲ್ಕು ಅಂಕಿಗಳು, ಉಳಿಯಿಂದ ಒತ್ತಿದಂತೆ ಆಳವಾಗಿ. ಎರಡನೆಯದರಲ್ಲೂ ಅವೇ. ಮೂರನೆಯದರಲ್ಲೂ ಅವೇ. ಮುಂದಿನ ಸೀಟಿನ ಅಡಿಯಲ್ಲೂ ಅವೇ. ಅಲ್ಲಿಗೆ ಈ ಬಾಡಿ ಒಂದೇ ಕಾರ್ಖಾನೆಯಿಂದ ಒಟ್ಟಿಗೆ ಹೊರಬಂದದ್ದು ಎಂದು ಖಾತ್ರಿಯಾಯಿತು. ಮನೆಯವರು ಆ ಅಂಕಿಗಳನ್ನೂ ಚಾಸಿಸ್ ಸಂಖ್ಯೆಯನ್ನೂ ಬರೆದು ಕಳಿಸಿದ್ದಾರೆ.

ನಾಲ್ಕನೆಯದು, ಹಿಂದಿನ ಎಡಬಾಗಿಲು. ಅದರ ಪಟ್ಟಿಯಲ್ಲಿ ಅಂಕಿ ಇರಲಿಲ್ಲ. ಅಯಸ್ಕಾಂತ ಅದಕ್ಕೆ ಅಂಟಿತು. ಒಳಗಿನ ಚೌಕಟ್ಟು ಹಲಸು. ಟಾರ್ಚ್ ಹತ್ತಿರ ಹಿಡಿದಾಗ ಆ ಹಳದಿ ಮರದ ಮೇಲೆ ಪೆನ್ಸಿಲ್ ಬರಹ ಕಂಡಿತು: ‘೧೪ ಇಂಚು ೩ ನೂಲು’. ಬಡಗಿಗಳ ಲೆಕ್ಕದಲ್ಲಿ ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. ಕೆಳಗೆ ಒಂದು ಬಾಣದ ಗುರುತು, ‘ಹಿಂದೆ’ ಎಂಬ ಪದ. ಯಾವಾಗಲೋ ಆ ಬಾಗಿಲು ಹಾಳಾಗಿದೆ, ಇಲ್ಲಿನ ಬಡಗಿಯೊಬ್ಬರು ಇನ್ನೊಂದು ಬದಿಯ ಬಾಗಿಲು ನೋಡಿ ಹೊಸದು ಕಟ್ಟಿದ್ದಾರೆ. ಕಿಟಕಿಯ ಮೂಲೆಯ ತಿರುವು, ಸೊಂಟದ ಗೆರೆ, ಮಡ್‌ಗಾರ್ಡನ್ನು ಬಳಸಿ ಇಳಿಯುವ ಅಂಚು, ಯಾವುದರಲ್ಲೂ ನಮ್ಮ ಟೇಪಿಗೆ ತಪ್ಪು ಸಿಗಲಿಲ್ಲ. ಮೇಸ್ತ್ರಿ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದರು. ಉಳಿದ ಮೂರರ ಹಾಗೇ ಮೆತ್ತಗೆ ಕೂತಿತು.